ರೇಡಿಯೇಟರಿಗೆ ಅರಿಶಿನ

ನಮ್ಮ ಮನೆಯಲ್ಲಿ ನಾನು ಅರಿಶಿನದ ಡಬ್ಬಿಗೆ ಕೈ ಹಾಕುವಂತಿಲ್ಲ. ಹಾಗೆಂದು ಯಾರೂ ಬರೆದಿಟ್ಟಿಲ್ಲ, ನಿಜ. ಆದರೆ ಅಡುಗೆಮನೆಯ ಮೇಲಿನ ಕಪಾಟಿನ ಬಾಗಿಲು ಕಿರ್ರೆಂದರೆ ಸಾಕು, ಹಾಲ್‌ನಲ್ಲಿ ಕೂತ ನನ್ನ ಹೆಂಡತಿ ವಸುಧಾ ಅಲ್ಲಿಂದಲೇ "ಏನ್ ಬೇಕಾಗಿತ್ರೀ?" ಎನ್ನುತ್ತಾಳೆ. "ಅರಿಷಿಣ" ಎಂದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಎದಕ್ಕ?" ಮೊನ್ನೆ ಗಂಟಲು ಕೆರೆಯುತ್ತಿತ್ತು, ಬಿಸಿ ಹಾಲಿಗೆ ಒಂದು ಚಿಟಿಕೆ ಹಾಕಿಕೊಳ್ಳೋಣವೆಂದು ಹೋಗಿದ್ದೆ. "ಹಾಲಿಗೆ" ಎಂದೆ. "ಹಾಲಿಗೆ ಅಂದ್ರ ಹಾಲಿಗೇ ಹಾಕ್ಬೇಕು ಮತ್ತ" ಎಂದಳು. ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೂ ಒಂದು ಚಿಟಿಕೆ ಅರಿಶಿನದ ವಿಷಯದಲ್ಲಿ ಗಂಡನನ್ನು ನಂಬದ ಹೆಂಡತಿ ಇದ್ದಾಳೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ. ಇದೆ. ಅದನ್ನು ಎಷ್ಟೋ ಸಲ, ಎಷ್ಟೋ ಜನರಿಗೆ, ನಗುತ್ತ ನಗಿಸುತ್ತ ಹೇಳಿದ್ದೇನೆ. ಇವತ್ತು ನಗದೆ ಹೇಳಲು ನೋಡುತ್ತೇನೆ. ನಡುವೆ ಎಲ್ಲಾದರೂ ನಗು ನುಸುಳಿದರೆ ಅದು ಹಳೇ ಚಟ, ಮನ್ನಿಸಿ.

ಆಗ ನಾವು ಅಬುಧಾಬಿ ಪೇಟೆಯಿಂದ ಆಚೆ, ಬನಿಯಾಸ್‌ನಲ್ಲಿದ್ದೆವು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಕಟ್ಟಡಗಳಿಗೆ ಏಸಿ ಕೂಡಿಸುವ ಕಂಪನಿಯೊಂದರಲ್ಲಿ ನಾನು ಇಂಜಿನಿಯರ್. ಇಂಜಿನಿಯರ್ ಎಂದ ಕೂಡಲೆ ಕೈಯಲ್ಲಿ ಪಾನಾ, ಸ್ಪ್ಯಾನರು ಹಿಡಿದವನನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ನಕ್ಷೆ ನೋಡಿ ಎಷ್ಟು ಅಡಿ ಪೈಪು, ಎಷ್ಟು ಬೋಲ್ಟು ಬೇಕೆಂದು ಪಟ್ಟಿ ಮಾಡುವುದಷ್ಟೇ ನನ್ನ ಕೆಲಸ. ಆ ಬೋಲ್ಟುಗಳನ್ನು ತಿರುಗಿಸುವ ಜನ ಬೇರೆ ಇದ್ದರು, ಅವರು ಬಿಸಿಲಲ್ಲಿದ್ದರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಬಂದ ಮೇಲೆ ನಾನು ಸ್ವತಃ ಬಿಚ್ಚಿ ಜೋಡಿಸಿದ ಯಂತ್ರವೆಂದರೆ ಮಗಳು ಅನನ್ಯಾಳ ಮೂರು ಗಾಲಿಯ ಸೈಕಲ್ ಒಂದೇ. ಜೋಡಿಸಿ ಮುಗಿದ ಮೇಲೆ ಒಂದು ಸ್ಕ್ರೂ ಕೈಯಲ್ಲಿ ಉಳಿದಿತ್ತು.

ಕಾರು ಮಾತ್ರ ಇತ್ತು. ಕಾಯಂ ಊರಿಗೆ ಹೊರಟಿದ್ದ ಸಹೋದ್ಯೋಗಿಯಿಂದ ಕೊಂಡ ಹಳೆಯ ಜಪಾನಿ ಕಾರು. ಇಂಜಿನಿನ ನೀರನ್ನು ತಣಿಸುವ ಅದರ ರೇಡಿಯೇಟರ್ ಹಿತ್ತಾಳೆಯದು. ಈಗಿನ ಕಾರುಗಳ ಹಾಗೆ ಪ್ಲಾಸ್ಟಿಕ್ಕಿನದಲ್ಲ, ಬೆಸುಗೆ ಹಾಕಿ ದುರಸ್ತಿ ಮಾಡಬಹುದಾದದ್ದು.

ತಿಂಗಳಿಗೊಂದು ಶುಕ್ರವಾರ, ಅದೇ ಅಲ್ಲಿನ ವಾರದ ರಜೆ, ನಮ್ಮ ಕನ್ನಡದವರೆಲ್ಲ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಅರ್ಧ ಜನ ನಮ್ಮ ಗದಗ, ಧಾರವಾಡ, ವಿಜಾಪುರದ ಕಡೆಯವರು, ಅರ್ಧ ಜನ ಉಡುಪಿ, ಕಾರ್ಕಳದ ಕಡೆಯವರು. ಭಜನೆ ಅರ್ಧ ತಾಸು, ಊಟ ಎರಡು ತಾಸು. ರೊಟ್ಟಿ, ಎಣ್ಣೆಗಾಯಿಯ ಪಕ್ಕದಲ್ಲಿ ನೀರುದೋಸೆ ಕೂತಿರುತ್ತಿತ್ತು. ಈ ಕೂಟದ ಹಿರಿಯರು ವಿಜಾಪುರದ ದೇಸಾಯರು. ದೊಡ್ಡ ಕಂಪನಿಯೊಂದರಲ್ಲಿ ಕೆಲಸಗಾರರನ್ನು ಸಾಗಿಸುವ ಬಸ್ಸುಗಳೆಲ್ಲ ಅವರ ಕೈಕೆಳಗೆ. ಕೂಟದ ಇನ್ನೊಂದು ತುದಿಯಲ್ಲಿ, ಯಾವಾಗಲೂ ಚಪ್ಪಲಿ ಬಿಡುವ ಜಾಗದ ಹತ್ತಿರವೇ ಕೂರುತ್ತಿದ್ದವರು ಕಾರ್ಕಳದ ಸಂಜೀವಣ್ಣ. ಮುಸಫ್ಫಾದ ಗ್ಯಾರೇಜುಗಳ ಸಾಲಿನಲ್ಲಿ ಒಂದು ರೇಡಿಯೇಟರ್ ಅಂಗಡಿ, ಅಲ್ಲಿ ಹನ್ನೆರಡು ವರ್ಷದಿಂದ ಬೆಸುಗೆ ಕೆಲಸ. ಬೆರಳುಗಳ ತುದಿ ಸುಟ್ಟು ಸುಟ್ಟು ನುಣ್ಣಗಾಗಿತ್ತು.

ಆ ಬೇಸಿಗೆಯಲ್ಲಿ ಸಂಜೀವಣ್ಣನಿಗೆ ಒಂದು ಆಸೆ ಹುಟ್ಟಿತ್ತು. ದೇಸಾಯರು ತಮ್ಮ ಬಸ್ಸುಗಳ ರೇಡಿಯೇಟರ್ ಕೆಲಸವನ್ನೆಲ್ಲ ಅವರ ಅಂಗಡಿಗೆ ಕೊಡುವ ಮಾತಾಡಿದ್ದರು. ಆ ಕೆಲಸ ಬಂದರೆ ಸಂಜೀವಣ್ಣನನ್ನು ಫೋರ್ಮನ್ ಮಾಡುತ್ತೇನೆಂದು ಅಂಗಡಿಯ ಅರಬಾಬ್, ಅಂದರೆ ಧಣಿ, ಹೇಳಿದ್ದ. ಫೋರ್ಮನ್ ಆದರೆ ಫ್ಯಾಮಿಲಿ ವೀಸಾ ಸಿಗುತ್ತದೆ, ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಗಳು ಮೊದಲ ವಾರವಿಡೀ ಅವರ ಮುಂದೆ ನಾಚಿ ಬಾಗಿಲ ಹಿಂದೆ ನಿಲ್ಲುತ್ತಾಳಂತೆ. "ಪರಿಚಯ ಆಗುವಾಗ ರಜೆ ಖಲಾಸ್ ಸಾರ್" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಇಲ್ಲಿನ ಶಾಲೆಗಳಲ್ಲಿ ಯಾವುದು ಒಳ್ಳೆಯದೆಂದು ವಸುಧಾಳನ್ನು ಕೇಳಿ ತಿಳಿದುಕೊಂಡಿದ್ದರು.

ಒಂದು ಶುಕ್ರವಾರ ನಮ್ಮ ಮನೆಯಲ್ಲೇ ಕೂಟ. ಊಟ ಮುಗಿಸಿ ಎಲ್ಲರೂ ಕೆಳಗೆ ಬಂದಾಗ ನನ್ನ ಕಾರಿನ ಮೂತಿಯ ಕೆಳಗೆ ಅಂಗೈಯಗಲ ನೀರು. ದೇಸಾಯರು ಎಲ್ಲರಿಗೂ ಕೇಳುವಂತೆ, "ಏನ್ ಇಂಜಿನಿಯರ್ ಸಾಹೇಬ್ರ, ನಿಮ್ಮ ಗಾಡಿ ಹಾಸಿಗ್ಯಾಗ ಉಚ್ಚಿ ಹೊಯ್ಕೊಂಡದಲ್ರೀ!" ಎಂದರು. ಎಲ್ಲರೂ ನಕ್ಕರು. ಸಂಜೀವಣ್ಣ ಮಾತ್ರ ನಗದೆ, ಶುಕ್ರವಾರದ ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಕೂತು ಬಗ್ಗಿ ನೋಡಿದರು.

"ಕೆಳಗಿನ ಟ್ಯಾಂಕಿನ ಜೋಡಣೆ ಬಿಟ್ಟಿದೆ ಸಾರ್. ದೊಡ್ಡದೇನಲ್ಲ. ಅಂಗಡಿಗೆ ತಕೊಂಡು ಬನ್ನಿ, ಬೆಸುಗೆ ಹಾಕಿ ಕೊಡ್ತೇನೆ. ಅಷ್ಟರವರೆಗೆ ನೀರು ಮಾತ್ರ ನೋಡ್ತಾ ಇರಿ."

"ಅದೇನ್ ಬ್ಯಾಡ ಸಂಜೀವಣ್ಣ, ನಾನ ಮಾಡ್ಕೋತೀನಿ" ಎಂದೆ.

ಯಾಕೆ ಹಾಗೆಂದೆ ಎಂದು ಈಗ ಯೋಚಿಸಿದರೆ ಕಿವಿ ಬಿಸಿಯಾಗುತ್ತದೆ. ನಕ್ಕವರ ಮುಂದೆ ಒಬ್ಬ ಪದವೀಧರನಿಗೆ ಏಳನೇ ಕ್ಲಾಸು ಓದಿದವರು ದಾರಿ ತೋರಿಸಿದರಲ್ಲ ಎಂಬ ಉರಿ, ಇನ್ನೇನಿಲ್ಲ.

ಮರುದಿನ ಸಂಜೆ ಕೆಲಸ ಶುರುವಾಯಿತು. ಎರಡು ಬಣ್ಣದ ಮುದ್ದೆಗಳನ್ನು ಕಲಸಿ ಹಚ್ಚುವ ಅಂಟು ತಂದೆ. ನೆಲಕ್ಕೆ ರಟ್ಟು ಹಾಸಿ, ಬೆನ್ನ ಮೇಲೆ ಮಲಗಿ, ಕಾರಿನ ಕೆಳಗೆ ತೂರಿದೆ. ತೂರಿದ ಮೇಲೆ ಗೊತ್ತಾದದ್ದೇನೆಂದರೆ, ಅಂಟು ಮೇಲೆಯೇ, ಬಾನೆಟ್ಟಿನ ಮೇಲೆ, ಉಳಿದಿತ್ತು. ಮಗಳನ್ನು ಕೂಗಿದೆ. ಅವಳು ಬಾಲ್ಕನಿಯಿಂದ "ಪಪ್ಪಾ, ಆರ್ ಯೂ ಸ್ಟಕ್?" ಎಂದು ಕೇಳಿದಳು. ಪಕ್ಕದ ಕಟ್ಟಡದ ಕಾವಲುಗಾರ ಪಠಾಣ್ ಬಂದು ನನ್ನ ಕಾಲುಗಳನ್ನು ಸ್ವಲ್ಪ ಹೊತ್ತು ಕರುಣೆಯಿಂದ ನೋಡಿ, ಅಂಟು ಎತ್ತಿಕೊಟ್ಟು ಹೋದ. ಹಚ್ಚಿದೆ. ಎರಡನೇ ದಿನ ಇಂಜಿನ್ ಕಾದು, ಅಂಟು ಒಣ ರೊಟ್ಟಿಯಂತೆ ಎದ್ದು ಬಂತು.

ಆಗ ನೆನಪಾದದ್ದು ನಮ್ಮ ಗದಗಿನ ಮನೆ. ನನ್ನ ಬಾಲ್ಯದಲ್ಲಿ ಸೋರದ ವಸ್ತು ಇರಲಿಲ್ಲ, ಹಾಗೆಯೇ ಪ್ರತಿ ಸೋರಿಕೆಗೂ ಮನೆಯಲ್ಲೇ ಔಷಧ ಇತ್ತು. ಸೀಮೆಎಣ್ಣೆಯ ಡಬ್ಬಿ ಸೋರಿದರೆ ಅವ್ವ ಬಟ್ಟೆ ಸೋಪಿನ ತುಂಡನ್ನು ಒತ್ತಿ ತಿಕ್ಕುತ್ತಿದ್ದಳು. ಬಚ್ಚಲ ಹಂಡೆ ಸೋರಿದರೆ ಸಗಣಿ, ಬೂದಿ ಕಲಸಿ ಮೆತ್ತುತ್ತಿದ್ದಳು, ಕಲಾಯಿಯವನು ಓಣಿಗೆ ಬರುವವರೆಗೆ ಅದೇ ಗತಿ. ತಗಡಿನ ಛಾವಣಿಗೆ ಡಾಂಬರು. ಹಳೇ ಕೊಡೆಗೆ ಮಾತ್ರ ಏನೂ ಇರಲಿಲ್ಲ, ಅದನ್ನು ನನ್ನ ಕೈಗೆ ಕೊಟ್ಟು ಶಾಲೆಗೆ ಕಳಿಸುತ್ತಿದ್ದರು. ಮತ್ತು ನಮ್ಮ ಕಾಕಾನ ಬಾಡಿಗೆ ಜೀಪು. ಲಕ್ಷ್ಮೇಶ್ವರದ ದಾರಿಯಲ್ಲಿ ಒಮ್ಮೆ ಅದರ ರೇಡಿಯೇಟರ್ ಸೋರಿದಾಗ ಕಾಕಾ ರಸ್ತೆ ಬದಿಯ ಖಾನಾವಳಿಗೆ ಹೋಗಿ ಒಂದು ಹಿಡಿ ಅರಿಶಿನ ಕೇಳಿ ತಂದು ಒಳಗೆ ಸುರಿದಿದ್ದ. ಸೋರುವುದು ನಿಂತಿತು. ನಾನು ಕಣ್ಣಾರೆ ಕಂಡೆ. ಅಲ್ಲಿಂದ ಮನೆಯವರೆಗೆ ಕಾಕಾನ ಪಕ್ಕದ ಸೀಟಿನಲ್ಲಿ ಕೂತವನಿಗೆ ಅವನೊಬ್ಬ ದೇವರಾಗಿ ಕಂಡಿದ್ದ. ಮನೆ ಮುಟ್ಟಿದ ಮೇಲೆ ಅವನು ಆ ರೇಡಿಯೇಟರನ್ನು ಬಿಚ್ಚಿ ತೊಳೆಸಿದನೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಆಡಲು ಓಡಿದ್ದೆ. ನನ್ನ ಇಂಜಿನಿಯರಿಂಗ್ ಜ್ಞಾನ ಅಲ್ಲಿಗೆ ನಿಂತಿತ್ತು.

ನಮ್ಮ ಅಡುಗೆಮನೆಯಲ್ಲಿ ಬೆಳಗಾವಿಯ ಅತ್ತೆಯವರು ಕಳಿಸಿದ ಅರಿಶಿನವಿತ್ತು. ಕೊಂಬು ಆರಿಸಿ, ಒಣಗಿಸಿ, ಮುಂದೆ ನಿಂತು ಬೀಸಿಸಿದ್ದು. ವರ್ಷಕ್ಕೆ ಸಾಲುವಷ್ಟು. ಕಾಕಾ ಒಂದು ಹಿಡಿ ಹಾಕಿದ್ದ. ನಾನು ಅರ್ಧ ಚೀಲ ಹಾಕಿದೆ. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂಬುದು ನನ್ನ ಲೆಕ್ಕ. ವಸುಧಾ ಪಕ್ಕದ ಮನೆಗೆ ಹೋದ ಸಮಯ ನೋಡಿ ಇದನ್ನು ಮಾಡಿದೆನೆಂಬುದನ್ನೂ ಹೇಳಿಬಿಡುತ್ತೇನೆ.

ಸೋರುವುದು ನಿಂತಿತು! ಆ ವಾರ ನನ್ನ ನಡಿಗೆಯೇ ಬದಲಾಗಿತ್ತು. ಇಂಜಿನಿನ ಬಿಸಿ ತೋರಿಸುವ ಮುಳ್ಳು ಸ್ವಲ್ಪ ಮೇಲೇರುತ್ತಿತ್ತು, ನಿಜ. ಆಗಸ್ಟ್ ತಿಂಗಳು, ಯಾರ ಮುಳ್ಳು ಏರುವುದಿಲ್ಲ ಎಂದುಕೊಂಡೆ. ಮುಳ್ಳು ಇನ್ನೂ ಏರಿತು. ಏಸಿ ಆರಿಸಿದೆ. ಆಮೇಲೆ ಎಲ್ಲೋ ಓದಿದ್ದು ನೆನಪಾಗಿ ಹೀಟರ್ ಹಚ್ಚಿದೆ, ಇಂಜಿನಿನ ಬಿಸಿಯನ್ನು ಅದು ಒಳಗೆಳೆದುಕೊಳ್ಳುತ್ತದಂತೆ. ಅಬುಧಾಬಿಯ ಆಗಸ್ಟಿನಲ್ಲಿ ಹೀಟರ್ ಹಚ್ಚಿಕೊಂಡು ಹೆಂಡತಿ ಮಗಳನ್ನು ತರಕಾರಿಗೆ ಕರೆದೊಯ್ದವನು ನಾನೊಬ್ಬನೇ ಇರಬೇಕು. "ಪಪ್ಪಾ, ವೈ ಈಸ್ ದ ಹೀಟರ್ ಆನ್?" ಎಂದು ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು. "ಗಾಡಿಗೆ ಥಂಡಿ ಆಗೇದಂತ" ಎಂದಳು ವಸುಧಾ.

ಹತ್ತು ದಿನಕ್ಕೆ ಮತ್ತೆ ಸೋರತೊಡಗಿತು. ಅದೇ ವಾರ ಶುಕ್ರವಾರ ದೇಸಾಯರ ತಂಗಿಗೆ ದುಬೈಯಲ್ಲಿ ಕುಬಸ. ಬಸುರಿಗೆ ತವರಿನವರು ಹಸಿರು ಸೀರೆ, ಕುಪ್ಪಸ ಕೊಟ್ಟು ಉಡಿ ತುಂಬುವ ಶಾಸ್ತ್ರ, ತವರಿನ ಸೀರೆ ಬರದೆ ಶುರುವಾಗುವಂತಿಲ್ಲ. ದೇಸಾಯರ ಕಾರನ್ನು ಕಂಪನಿಯವರು ಬದಲಿಸಿ ಕೊಡಲೆಂದು ವಾಪಸ್ ಪಡೆದಿದ್ದರು. ನೂರಾರು ಜನರನ್ನು ದಿನಾ ಬಸ್ಸಿನಲ್ಲಿ ಸಾಗಿಸುವವರು ತಂಗಿಯ ಕುಬಸಕ್ಕೆ ನನ್ನ ಕಾರು ಕೇಳಿದರು. ಬರುತ್ತೇನೆ ಎಂದುಬಿಟ್ಟೆ.

ಇನ್ನು ಸಂಜೀವಣ್ಣನ ಬಾಗಿಲಿಗೆ ಹೋಗಲೇಬೇಕಾಯಿತು. ಹೋಗುವ ಮುಂಚೆ ಮನೆಯ ಹಿಂದಿನ ಮರಳಲ್ಲಿ ಹಳದಿ ನೀರನ್ನೆಲ್ಲ ಬಿಟ್ಟು, ಎರಡು ಸಲ ಹೊಸ ನೀರು ತುಂಬಿ ತೊಳೆದೆ. ಅರಿಶಿನದ ವಿಷಯ ಹೇಳಲಿಲ್ಲ. ಆಫೀಸಿಗೆ ಹೊತ್ತಾಗಿತ್ತು, ಕೀಲಿ ಕೊಟ್ಟು ಟ್ಯಾಕ್ಸಿ ಹಿಡಿದೆ. ಅವರು ಹೊರಗಿನಿಂದ ಜೋಡಣೆಗೆ ಬೆಸುಗೆ ಹಾಕಿ, ಸಂಜೆಗೆ ಕಾರನ್ನು ಕೊಟ್ಟರು. ಹೊರಗೆ ಒಂದು ಹನಿ ಸೋರಲಿಲ್ಲ. ಒಳಗೆ ಸಣ್ಣ ಸಣ್ಣ ನಳಿಗೆಗಳಲ್ಲಿ ಅತ್ತೆಯವರ ಅರಿಶಿನ ಗಟ್ಟಿಯಾಗಿ ಕೂತಿದ್ದು ಅವರಿಗೆ ಹೇಗೆ ಕಾಣಬೇಕು?

ಶುಕ್ರವಾರ ನಾವು ಮೂವರು, ದೇಸಾಯರು, ಅವರ ಮನೆಯವರು, ಹಸಿರು ಸೀರೆಯ ತಟ್ಟೆ, ಎರಡು ಡಬ್ಬಿ ಕರ್ಚಿಕಾಯಿ, ಎಲ್ಲ ತುಂಬಿಕೊಂಡು ಹೊರಟೆವು. ದುಬೈ ಇನ್ನೂ ಅರ್ಧ ದಾರಿ ಇರುವಾಗ ಮುಳ್ಳು ಕೆಂಪು ಗೆರೆ ದಾಟಿತು. ಬಾನೆಟ್ಟಿನ ಸಂದಿಯಿಂದ ಆವಿ ಬುಸುಗುಟ್ಟಿತು. ಬದಿಗೆ ನಿಲ್ಲಿಸಿದೆ. ಎಲ್ಲರೂ ಇಳಿದು ಬಿಸಿಲಿಗೆ ನಿಂತೆವು. ದೇಸಾಯರ ಹೆಂಡತಿ ಮೂಗೆಳೆದು, "ಯಾರ ಮನಿಯಾಗೋ ಸಾರಿಗೆ ವಗ್ಗರಣಿ ಹಾಕ್ಯಾರ" ಎಂದರು. ಕಣ್ಣು ಹಾಯುವಷ್ಟು ದೂರ ಮರಳು ಬಿಟ್ಟರೆ ಏನೂ ಇರಲಿಲ್ಲ. ವಸುಧಾ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು.

"ಮೊನ್ನೆನ ರಿಪೇರಿ ಮಾಡಿಸೀನಿ ಅಂದಿದ್ರಲ್ಲ? ಯಾರ ಕಡೆ ಮಾಡಿಸಿದ್ರಿ?" ದೇಸಾಯರು ಕೇಳಿದರು.

"ಸಂಜೀವಣ್ಣನ ಕಡೆ."

"ಹೌದಾ?" ಎಂದರು. ಬಾನೆಟ್ಟಿನ ಆವಿಯ ಕಡೆ ನೋಡಿ, "ಇಂಥವನ ಕೈಯಾಗ ನಾ ಬಸ್ ಕೊಡಾಂವ ಇದ್ದೆ" ಎಂದರು.

ಬಾಯಿ ತೆರೆಯಬೇಕಾದ ಗಳಿಗೆ ಅದು. ನಾನು ಸುಳ್ಳು ಹೇಳಲಿಲ್ಲ, ನೋಡಿ. ಸಂಜೀವಣ್ಣನ ಕಡೆ ಮಾಡಿಸಿದ್ದು ನಿಜ ತಾನೇ? ನಾನು ಸುಮ್ಮನೆ ನಿಂತೆ, ಅಷ್ಟೇ. ಕೈ ಅಡ್ಡ ಮಾಡಿ ಟ್ಯಾಕ್ಸಿ ನಿಲ್ಲಿಸಿ ಅವರಿಬ್ಬರನ್ನು ತಟ್ಟೆಯ ಸಮೇತ ಕಳಿಸಿದೆ. ಅವರು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಪಾಪ, ತುಂಬಿದ ಬಸುರಿ, ತವರಿನ ಸೀರೆಗಾಗಿ ಉಪವಾಸ ಕಾದು ಕೂತಿದ್ದಳಂತೆ. ಅಣ್ಣನಿಗೆ ಎಲ್ಲರ ಮುಂದೆ ಅವಮಾನ. ಅದೆಲ್ಲ ಸಿಟ್ಟೂ ಸಂಜೀವಣ್ಣನ ತಲೆಗೆ ಹೋಯಿತು.

ಕಾರನ್ನು ಎಳೆಸಿಕೊಂಡು ಮತ್ತೆ ಮುಸಫ್ಫಾಕ್ಕೆ ಹೋದೆ. ಸಂಜೀವಣ್ಣ ರೇಡಿಯೇಟರ್ ಇಳಿಸಿ, ಮೇಲಿನ ಟ್ಯಾಂಕನ್ನು ಕಾಯಿಸಿ ಬಿಡಿಸಿದರು. ಒಳಗೆ ಹಳದಿ ಕೆಸರು. ಅವರು ಬೆರಳಲ್ಲಿ ತೆಗೆದು ಮೂಸಿದರು. ಬೆರಳನ್ನು ಚಿಂದಿಗೆ ಒರೆಸಿಕೊಂಡರು. ಆಮೇಲೆ, "ಒಳ್ಳೆ ಅರಿಶಿನ ಸಾರ್. ಊರಿಂದಾ?" ಎಂದರು.

"ಅತ್ತೆ ಕಳಿಸಿದ್ದು" ಎಂದೆ. ಇದಕ್ಕಿಂತ ಮೂರ್ಖ ಉತ್ತರವನ್ನು ನಾನು ಜೀವನದಲ್ಲಿ ಕೊಟ್ಟಿಲ್ಲ.

ಇಡೀ ದಿನ ತೆಳ್ಳನೆಯ ಉಕ್ಕಿನ ಪಟ್ಟಿ ಹಾಕಿ ಒಂದೊಂದೇ ನಳಿಗೆಯನ್ನು ತಿಕ್ಕಿದರು. ಆ ಶೆಡ್ಡಿಗೆ ಫ್ಯಾನು ಕೂಡ ಇರಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು: "ದೇಸಾಯಿ ಸಾರಿಗೆ ನೀವೊಂದು ಮಾತು ಹೇಳ್ತೀರಾ? ಅವರು ಈಗ ನನ್ನ ಫೋನು ಎತ್ತುದಿಲ್ಲ."

"ನಾಳೆನ ಹೇಳ್ತೀನಿ" ಎಂದೆ.

ನಾಳೆ ಹೇಳಲಿಲ್ಲ. ಫೋನಿನಲ್ಲಿ ಇಂಥದ್ದನ್ನೆಲ್ಲ ಹೇಳುವುದು ಸರಿಯಲ್ಲ, ಮುಖತಃ ಹೇಳೋಣ ಎಂದುಕೊಂಡೆ. ಮುಖ ಸಿಕ್ಕಾಗ ನಾಲ್ಕು ಜನರಿದ್ದರು, ಒಬ್ಬರೇ ಸಿಕ್ಕಾಗ ಹೇಳೋಣ ಎಂದುಕೊಂಡೆ. "ಹೇಳಿದ್ರೇನು?" ಎಂದು ವಸುಧಾ ದಿನಾ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಕೇಳುವುದನ್ನು ಬಿಟ್ಟದ್ದು ಹೆಚ್ಚು ಚುಚ್ಚಿತು.

ಹೇಳಿದ್ದು ಮುಂದಿನ ತಿಂಗಳ ಕೂಟದಲ್ಲಿ. ಅಪರಾಧ ಒಪ್ಪಿಕೊಳ್ಳಲೆಂದೇ ಎದ್ದು ನಿಂತೆ. ಆದರೆ "ಅರ್ಧ ಚೀಲ ಅರಿಷಿಣ" ಎಂದ ಕೂಡಲೆ ಯಾರೋ ಕಿಸಕ್ಕೆಂದರು. ಆ ನಗು ಕಿವಿಗೆ ಬಿದ್ದದ್ದೇ ನನ್ನ ಕಾಲು ಜಾರಿತು. ಹೀಟರ್ ಸೇರಿಸಿದೆ, ಕಾರಿನ ಕೆಳಗೆ ಸಿಕ್ಕಿಕೊಂಡದ್ದು ಸೇರಿಸಿದೆ, ಒಗ್ಗರಣೆಯ ವಾಸನೆ ಸೇರಿಸಿದೆ. ಜನ ಹೊಟ್ಟೆ ಹಿಡಿದುಕೊಂಡರು. ದೇಸಾಯರು ಕಣ್ಣೊರೆಸಿಕೊಂಡು ನನ್ನ ಬೆನ್ನಿಗೆ ಗುದ್ದಿದರು. "ಛಲೋ ಇಂಜಿನಿಯರ್ ಇದ್ದೀರಿ ಬಿಡ್ರಿ! ಮೊದಲ ಹೇಳಬಾರದಾಗಿತ್ತ? ಬಸ್ಸಿನ ಕೆಲಸ ಹ್ವಾದ ವಾರನ ಬ್ಯಾರೆದವ್ರಿಗೆ ಕೊಟ್ಟೆ." ಅಷ್ಟು ಹೇಳಿ, "ಆ ಹೀಟರ್‌ದು ಇನ್ನೊಮ್ಮೆ ಹೇಳ್ರಿ" ಎಂದರು. ಹೇಳಿದೆ.

ಸಂಜೀವಣ್ಣ ಫೋರ್ಮನ್ ಆಗಲಿಲ್ಲ. ಹೆಂಡತಿ ಮಗಳು ಬರಲಿಲ್ಲ. ನನ್ನ ಕತೆ ಮಾತ್ರ ಬೆಳೆಯಿತು. ಅಬುಧಾಬಿ, ದುಬೈ, ಎಲ್ಲಿ ಹೋದರೂ "ಅರಿಷಿಣದ ಇಂಜಿನಿಯರ್ ಬಂದ್ರು" ಎನ್ನುತ್ತಿದ್ದರು. ತಪ್ಪು ಮಾಡಿದವನಿಗೆ ಊಟದಲ್ಲಿ ಮೊದಲ ಪಂಕ್ತಿ ಸಿಗುತ್ತಿತ್ತು. ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವ ದೊಡ್ಡ ಮನಸ್ಸಿನವನೆಂದು ಹೊಗಳುವವರೂ ಇದ್ದರು. ನಾನು ಬೇಡವೆನ್ನಲಿಲ್ಲ.

ಎಂಟೊಂಬತ್ತು ವರ್ಷ ಕಳೆಯಿತು. ಸಂಜೀವಣ್ಣ ವೀಸಾ ರದ್ದು ಮಾಡಿಸಿ ಕಾಯಂ ಊರಿಗೆ ಹೊರಟರು. ದೇಸಾಯರು ಆಗ ದುಬೈಗೆ ಬಂದು ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮನೆ ಮಾಡಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಅಲ್ಲಿಯೇ ಬೀಳ್ಕೊಡುಗೆಯ ಊಟ. ಸಂಜೀವಣ್ಣನಿಗೆ ಶಾಲು ಹೊದಿಸಿದ ಮೇಲೆ ಯಾರೋ ಹೊಸಬರು ಅರಿಶಿನದ ಕತೆ ಕೇಳಿದರು. ಸಂಜೀವಣ್ಣನ ಎದುರಿಗೇ ಹೇಳಿದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಅವರು ನಕ್ಕದ್ದು ನೋಡಿ ನನಗೆ ಎಷ್ಟು ನಿರಾಳವಾಯಿತೆಂದರೆ, ಅಬುಧಾಬಿಯವರೆಗೆ ನನ್ನ ಕಾರಿನಲ್ಲೇ ಬನ್ನಿ ಎಂದು ಕರೆದೆ.

ಕೆಳಗೆ ಕಾರಿನ ಹತ್ತಿರ ಬಂದಾಗ ಅವರು ಬಾಗಿಲು ತೆರೆಯದೆ ನಿಂತರು.

"ಸಾರ್, ಬೇಜಾರು ಮಾಡ್ಬೇಡಿ. ಕತೆ ಚೆಂದ ಹೇಳ್ತೀರಿ, ನನಗೂ ನಗು ಬರ್ತದೆ. ಆದ್ರೆ ನಾನು ಕೇಳಿದ್ದೆ ಅಲ್ವಾ?"

ನಾನು ಕೀಲಿಗಾಗಿ ಜೇಬು ತಡಕಿದೆ.

"ಕೀಲಿ ತಕೊಳ್ಳುವಾಗ ಕೇಳಿದ್ದೆ, 'ಒಳಗೆ ಎಂತಾದ್ರೂ ಹಾಕಿದ್ದೀರಾ ಸಾರ್' ಅಂತ. ಕತೆಯಲ್ಲಿ ನೀವು ಅದೊಂದು ಬಿಡ್ತೀರಿ. ಎಲ್ಲ ನಗ್ತಾರೆ, ಸರಿ. ಮನೆಗೆ ಹೋಗಿ ಎಂತ ಗ್ರಹಿಸ್ತಾರೆ? ಇಂಜಿನಿಯರು ಹಾಕಿದ್ದು ತಮಾಷೆ, ಈ ಸಂಜೀವ ಒಂದು ಮಾತು ಕೇಳದೆ ಬೆಸುಗೆ ಹಾಕಿ ಕೊಟ್ಟ ಅಂತ. ಕೆಲಸ ಹೋದದ್ದು ಹೋಯ್ತು, ಅದು ಬಿಡಿ. ನಾನು ಕೇಳದೆ ಬೆಂಕಿ ಹಚ್ಚುವ ಕೆಲಸದವ ಅಲ್ಲ ಸಾರ್. ಇನ್ನು ಹೇಳುವಾಗ ಅದನ್ನೂ ಸೇರಿಸಿ, ಆಯ್ತಾ?"

ಆಯಿತು ಎಂದೆ. ಅವರು ಕೂತರು, "ಯಲ್ಲಾ ಸಾರ್, ಹೋಗುವ" ಎಂದರು. ದಾರಿಯುದ್ದಕ್ಕೂ ಮಗಳ ಕಾಲೇಜಿನ ವಿಷಯ ಮಾತಾಡಿದರು.

ಆ ದಿನದಿಂದ ನಾನು ಕತೆ ಹೇಳುವುದನ್ನೇ ನಿಲ್ಲಿಸಿದೆ. ಅದನ್ನು ಪ್ರಾಯಶ್ಚಿತ್ತವೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಅವರು ನಿಲ್ಲಿಸು ಎಂದಿರಲಿಲ್ಲ, ಸೇರಿಸು ಎಂದಿದ್ದರು. ಈಗ ನಿಮಗೆ ಹೇಳುವಾಗಲೂ ಆಫೀಸಿಗೆ ಹೊತ್ತಾಗಿತ್ತು, ಕೀಲಿ ಕೊಟ್ಟು ಟ್ಯಾಕ್ಸಿ ಹಿಡಿದೆ ಎಂದು ದಾಟಿಸಿದೆನಲ್ಲ, ಕೈ ಅಷ್ಟು ಪಳಗಿದೆ. ಹೊತ್ತಾಗಿರಲಿಲ್ಲ. ಅವರು ಕೀಲಿಗೆ ಕೈ ಚಾಚಿ, ನನ್ನ ಕಣ್ಣು ನೋಡಿ, ನಿಧಾನವಾಗಿಯೇ ಕೇಳಿದರು. ನಾನು ತಡವರಿಸಲೂ ಇಲ್ಲ. "ಇಲ್ಲ, ಬರೇ ನೀರು" ಎಂದೆ. ಇಂಜಿನಿಯರ್ ಹೇಳಿದ್ದಲ್ಲವೇ, ಅವರು ನಂಬಿದರು.

ಈ ಕತೆಯನ್ನು ನನ್ನ ಬಾಯಲ್ಲಿ ಕೇಳಿ ನಕ್ಕವರು ಎಲ್ಲೆಲ್ಲಿ ಇದ್ದೀರೋ ಗೊತ್ತಿಲ್ಲ. ದಯವಿಟ್ಟು ಇಷ್ಟು ಸೇರಿಸಿಕೊಳ್ಳಿ. ಸಂಜೀವಣ್ಣ ಕೇಳಿದ್ದರು. ನಾನು ಇಲ್ಲ ಎಂದಿದ್ದೆ.